ಸೂರಿನ ಮೇಲೊಂದು ಐಸಿನ ಕಟ್ಟೆ

ಬನ್ನಿ ಮಕ್ಕಳೇ, ಜಗಲಿಯ ಮೇಲೆ ಹೀಗೆ ಹತ್ತಿರ ಕೂತುಕೊಳ್ಳಿ. ಇವತ್ತು ನಿಮಗೊಂದು ಕಟ್ಟೆಯ ಕತೆ ಹೇಳುತ್ತೇನೆ. ಕಟ್ಟೆ ಅಂದ ಕೂಡಲೇ ಕನ್ನಂಬಾಡಿ ಕಟ್ಟೆ ನೆನಪಾಯಿತೇ? ಇಲ್ಲ, ನಮ್ಮ ಊರು ಕೊಪ್ಪಕ್ಕೆ ಇನ್ನೂ ಹತ್ತಿರದ ಹಾರಂಗಿ ಕಟ್ಟೆ ನೆನಪಾಯಿತೇ? ನಾನು ಹೇಳುವ ಕಟ್ಟೆ ಅಷ್ಟು ದೊಡ್ಡದಲ್ಲ. ನಿಮ್ಮ ಮೊಣಕಾಲೆತ್ತರ ಬಂದರೆ ಹೆಚ್ಚು. ಅದನ್ನು ಯಾವ ಇಂಜಿನಿಯರೂ ಕಟ್ಟುವುದಿಲ್ಲ. ರಾತ್ರಿ ನಾವು ಮಲಗಿದ್ದಾಗ ತಾನಾಗಿ ಕಟ್ಟಿಕೊಳ್ಳುತ್ತದೆ. ಅದೂ ಎಲ್ಲಿ ಗೊತ್ತೇ? ಮನೆಯ ಸೂರಿನ ಮೇಲೆ!

ಕತೆ ಶುರುವಾಗುವುದು ನಮ್ಮ ಊರಿನಿಂದಲೇ. ನಾನು ನಿಮ್ಮಷ್ಟು ಇದ್ದಾಗ ನಮ್ಮದು ತೊಟ್ಟಿ ಮನೆ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಅದರ ಸುತ್ತ ನಾಲ್ಕು ಕಡೆ ಹೆಂಚಿನ ಇಳಿಜಾರು. ಎರಡು ಇಳಿಜಾರು ಒಂದಕ್ಕೊಂದು ಸೇರುವ ಮೂಲೆಯಲ್ಲಿ ತಗಡಿನ ದೋಣಿ ಇಟ್ಟಿದ್ದರು. ಎರಡೂ ಕಡೆಯ ಮಳೆನೀರು ಆ ದೋಣಿಗೆ ಬಿದ್ದು, ಅಲ್ಲಿಂದ ಜಾರಿ, ತೊಟ್ಟಿಯಲ್ಲಿಟ್ಟ ಹಂಡೆಗೆ ಧೋ ಎಂದು ಸುರಿಯುತ್ತಿತ್ತು.

ಒಂದು ವರ್ಷ ಯುಗಾದಿ ಕಳೆದ ಮೇಲೆ, ಸುಡುಸುಡು ಬಿಸಿಲಿನ ಒಂದು ಮಧ್ಯಾಹ್ನ, ಇದ್ದಕ್ಕಿದ್ದಂತೆ ಮೋಡ ಕವಿಯಿತು. ಗುಡುಗಿತು. ಆಮೇಲೆ ಹೆಂಚಿನ ಮೇಲೆ ಪಟಪಟ ಪಟಪಟ ಸದ್ದು. ಆಲಿಕಲ್ಲು! ನಾವೆಲ್ಲ ತೊಟ್ಟಿಗೆ ಹಾರಿ ಆಲಿಕಲ್ಲು ಆರಿಸಿ ಬಾಯಿಗೆ ಹಾಕಿಕೊಂಡೆವು. ನಮ್ಮ ಊರಿಗೆ ಆಕಾಶದಿಂದ ಐಸು ಬರುವುದು ಅದೊಂದೇ ದಾರಿ. ಯಾರಾದರೂ ಬಿಟ್ಟಾರೆಯೇ?

ಆಲಿಕಲ್ಲಿನ ಹಿಂದೆಯೇ ಜೋರು ಮಳೆ ಹಿಡಿಯಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಜ್ಜಿ ಕೂಗಿದಳು. ಮೂಲೆಯಲ್ಲಿ ಇಟ್ಟಿದ್ದ ರಾಗಿ ಮೂಟೆಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಆಲಿಕಲ್ಲು ಬಿದ್ದು ಹೆಂಚು ಒಡೆದಿರಬೇಕು ಅಂದುಕೊಂಡೆವು. ಅಜ್ಜ ಒಳಗಿನಿಂದಲೇ ಕತ್ತೆತ್ತಿ ಒಂದೊಂದು ಹೆಂಚನ್ನೂ ನೋಡಿದರು. ಒಂದೂ ಒಡೆದಿರಲಿಲ್ಲ. ಒಂದೂ ಜರುಗಿರಲಿಲ್ಲ.

ಹಾಗಾದರೆ ನೀರು ಒಳಗೆ ಬಂದದ್ದು ಹೇಗೆ? ಇದೇ ನಮ್ಮ ಇವತ್ತಿನ ಪತ್ತೇದಾರಿ. ನೀವೂ ನನ್ನ ಜೊತೆ ಯೋಚಿಸುತ್ತಾ ಬನ್ನಿ.

ಅಜ್ಜ ಏನು ಮಾಡಿದರು ಗೊತ್ತೇ? ಮಾವಿನಕಾಯಿ ಕೀಳುವ ದೋಟಿ ತಂದರು. ತೊಟ್ಟಿಯಲ್ಲಿ ನಿಂತುಕೊಂಡೇ ಮೂಲೆಯ ದೋಣಿಗೆ ಅದನ್ನು ಆನಿಸಿ ಎಳೆದರು. ದೊಪ್ಪನೆ ಒಂದು ಬಿಳಿ ಗುಡ್ಡೆ ಕೆಳಗೆ ಬಿತ್ತು. ನೋಡಿದರೆ ಆಲಿಕಲ್ಲೂ ಹಲಸಿನ ಎಲೆಯೂ ಹುಣಸೆ ತರಗೂ ಕಲಸಿಕೊಂಡು ಮುದ್ದೆಯಾಗಿತ್ತು. ಅದರ ಹಿಂದೆಯೇ ತಡೆದು ನಿಂತಿದ್ದ ನೀರು ಭರ್ರನೆ ಇಳಿಯಿತು. ಒಳಗೆ ರಾಗಿ ಮೂಟೆಯ ಮೇಲೆ ತೊಟ್ಟಿಕ್ಕುವುದೂ ನಿಂತೇ ಹೋಯಿತು.

ಈಗ ಒಂದು ಸುಳಿವು ಸಿಕ್ಕಿತಲ್ಲ? ಹೆಂಚು ಸರಿಯಾಗಿಯೇ ಇತ್ತು. ನೀರಿನ ದಾರಿ ಕಟ್ಟಿತ್ತು. ದಾರಿ ಕಟ್ಟಿದರೆ ಗಟ್ಟಿ ಹೆಂಚಿನ ಕೆಳಗೂ ನೀರು ಬರುವುದು ಹೇಗೆ? ಅದನ್ನು ತಿಳಿಯಲು ಎರಡು ಬಾಳೆಎಲೆ ಚೂರು ಸಾಕು.

ಒಂದು ಹಲಗೆಯನ್ನು ಓರೆಯಾಗಿ ನಿಲ್ಲಿಸಿ. ಕೆಳಗಡೆ ಒಂದು ಎಲೆ ಚೂರು ಇಡಿ. ಮೇಲುಗಡೆ ಇನ್ನೊಂದನ್ನು ಇಡಿ. ಮೇಲಿನ ಎಲೆಯ ಅಂಚು ಕೆಳಗಿನ ಎಲೆಯ ಮೇಲೆ ನಾಲ್ಕು ಬೆರಳು ಹೊದ್ದುಕೊಂಡಿರಲಿ. ಈಗ ಮೇಲಿನಿಂದ ಒಂದು ಚೊಂಬು ನೀರು ಸುರಿಯಿರಿ. ನೀರು ಮೇಲಿನ ಎಲೆಯಿಂದ ಕೆಳಗಿನ ಎಲೆಗೆ ಜಾರಿ, ಅಲ್ಲಿಂದ ನೆಲಕ್ಕೆ ಹೋಗುತ್ತದೆ. ಹಲಗೆ ಒಣಗಿಯೇ ಇರುತ್ತದೆ. ಕೋಳಿಯ ರೆಕ್ಕೆಯ ಮೇಲೆ ಮಳೆ ಜಾರುವುದೂ ಹೀಗೆಯೇ. ಪುಕ್ಕದ ಮೇಲೆ ಪುಕ್ಕ, ಪುಕ್ಕದ ಮೇಲೆ ಪುಕ್ಕ.

ಈಗ ಕೆಳಗಿನ ಎಲೆಯ ತುದಿಯಲ್ಲಿ ಮಣ್ಣಿನ ಒಂದು ಸಣ್ಣ ಏರಿ ಕಟ್ಟಿ. ಮತ್ತೆ ನೀರು ಸುರಿಯಿರಿ. ನೀರಿಗೆ ಕೆಳಗೆ ಹೋಗಲು ದಾರಿಯಿಲ್ಲ. ಅದು ನಿಲ್ಲುತ್ತದೆ, ನಿಂತು ಮೇಲೇರುತ್ತದೆ. ಏರುತ್ತಾ ಏರುತ್ತಾ ಎರಡು ಎಲೆಗಳ ನಡುವಿನ ಸಂದಿಗೆ ಹಿಂದಿನಿಂದ ನುಗ್ಗುತ್ತದೆ. ಹಲಗೆ ಒದ್ದೆ! ಎಲೆ ಹರಿದಿದೆಯೇ? ಇಲ್ಲ. ಆದರೂ ಹಲಗೆ ಒದ್ದೆ.

ಹಾರಂಗಿ ಕಟ್ಟೆಯ ಹಿಂದೆ ನೀರು ದೂರದವರೆಗೂ ಹರಡಿ ನಿಂತಿರುವುದನ್ನು ನೋಡಿದ್ದೀರಲ್ಲ? ಅದನ್ನು ಹಿನ್ನೀರು ಅನ್ನುತ್ತೇವೆ. ಆ ದಿನ ನಮ್ಮ ಮನೆಯ ಹೆಂಚಿನ ಮೇಲೂ ಒಂದು ಪುಟಾಣಿ ಕಟ್ಟೆ ಎದ್ದಿತ್ತು, ಅದರ ಹಿಂದೆ ಒಂದು ಪುಟಾಣಿ ಹಿನ್ನೀರು ನಿಂತಿತ್ತು. ಆ ಹಿನ್ನೀರೇ ಹೆಂಚಿನ ಸಂದಿಯಲ್ಲಿ ಹಿಂದಕ್ಕೆ ಹತ್ತಿ, ರೀಪು ದಾಟಿ, ರಾಗಿ ಮೂಟೆಯ ಮೇಲೆ ಬಿದ್ದದ್ದು.

ಹೆಂಚು ಪಾತ್ರೆಯಲ್ಲ ಮಕ್ಕಳೇ. ಪಾತ್ರೆ ನೀರನ್ನು ಹಿಡಿದಿಡುತ್ತದೆ. ಹೆಂಚು ನೀರನ್ನು ಜಾರಿಸುತ್ತದೆ, ನಿಮ್ಮ ಶಾಲೆಯ ಅಂಗಳದ ಜಾರುಬಂಡೆಯ ಹಾಗೆ. ಜಾರುವ ನೀರಿಗೆ ಅದು ಒಳ್ಳೆಯ ಕಾವಲುಗಾರ. ನಿಂತ ನೀರಿಗೆ ಅದು ಕಾವಲಲ್ಲ. ಈ ಮಾತನ್ನು ಗಂಟು ಕಟ್ಟಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾವು ಮಂಗಳೂರು ಹೆಂಚು ಅನ್ನುತ್ತೇವಲ್ಲ, ಅದರ ಬೆನ್ನ ಮೇಲಿನ ಗೀರುಗಳನ್ನು ಒಮ್ಮೆ ಬೆರಳಿನಿಂದ ಸವರಿ ನೋಡಿ. ಅವು ಅಂದಕ್ಕೆ ಇಟ್ಟ ಗೀರುಗಳಲ್ಲ. ನೀರು ಇಳಿಯಲು ಮಾಡಿದ ಕಾಲುವೆಗಳು. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಎಂಬುವರು 1865ರಲ್ಲಿ ಮಂಗಳೂರಿನಲ್ಲಿ ಇಂಥ ಹೆಂಚಿನ ಕಾರ್ಖಾನೆ ಶುರುಮಾಡಿದರು. ಆ ಹೆಂಚು ಘಟ್ಟ ಹತ್ತಿ ನಮ್ಮ ಊರುಗಳಿಗೂ ಬಂತು. ಒಂದು ಹೆಂಚಿನ ಅಂಚು ಇನ್ನೊಂದರ ಅಂಚಿಗೆ ಕೈಕೈ ಹಿಡಿದ ಹಾಗೆ ಕೂರುತ್ತದೆ. ಅಷ್ಟು ಚೆನ್ನಾಗಿ ಕೂತರೂ ಅದು ಜಾರುವ ನೀರಿಗೆ ಮಾಡಿದ್ದೇ, ನಿಂತ ನೀರಿಗಲ್ಲ.

ಈಗ ನಮ್ಮ ಪತ್ತೇದಾರಿಯನ್ನು ದೂರದ ಊರಿಗೆ ಕರೆದೊಯ್ಯೋಣ. ಅಲ್ಲಿ ಚಳಿಗಾಲದಲ್ಲಿ ಮಳೆಯ ಬದಲು ಹಿಮ ಬೀಳುತ್ತದೆ. ನಮ್ಮಲ್ಲಿ ಧನುರ್ಮಾಸದ ಬೆಳಗ್ಗೆ ಕಾವೇರಿಯ ಮೇಲೆ ತೇಲುವುದು ಮಂಜು, ಅದು ಬೇರೆ. ಹಿಮ ಅಂದರೆ ಅರಳೆ ಹತ್ತಿಯಂತೆ ಮೆತ್ತಗೆ ಉದುರುವ ಐಸಿನ ಪುಡಿ. ಅಮೆರಿಕದ ಬಾಸ್ಟನ್, ಮಿನೆಸೋಟ, ಕೆನಡಾದ ಟೊರಾಂಟೊ, ಇಂಥ ಕಡೆಗಳಲ್ಲಿ ಈಗ ಎಷ್ಟೋ ಕನ್ನಡದ ಮನೆಗಳಿವೆ. ಅಲ್ಲಿನ ಮಕ್ಕಳು ಮನೆಯೊಳಗೆ ಚಿತ್ರಾನ್ನ ತಿನ್ನುತ್ತಾ ಕಿಟಕಿಯಾಚೆ ಹಿಮ ಬೀಳುವುದನ್ನು ನೋಡುತ್ತಾರೆ.

ಆ ಊರಿನ ಮನೆಗಳ ಸೂರಿನಲ್ಲಿ ಚಳಿಗಾಲದಲ್ಲಿ ಒಂದು ಚೆಂದದ ನೋಟ. ನಮ್ಮ ಆಲದ ಮರದ ಬಿಳಲು ನೇತಾಡುತ್ತದಲ್ಲ, ಹಾಗೆ ಸೂರಿನುದ್ದಕ್ಕೂ ಐಸಿನ ಬಿಳಲುಗಳು ನೇತಾಡುತ್ತವೆ. ಬಿಸಿಲು ಬಿದ್ದರೆ ಗಾಜಿನ ಬಳೆಯ ಹಾಗೆ ಮಿನುಗುತ್ತವೆ. ಮಕ್ಕಳಿಗೆ ಖುಷಿಯೋ ಖುಷಿ. ಮನೆಯ ಯಜಮಾನನ ಮುಖ ಮಾತ್ರ ಸಣ್ಣಗಾಗುತ್ತದೆ. ಏಕೆಂದರೆ ಬಿಳಲು ಇದ್ದ ಕಡೆ, ಅದರ ಮೇಲೆ ಸೂರಿನ ಅಂಚಿನಲ್ಲಿ, ಎಷ್ಟೋ ಸಲ ಐಸಿನ ಕಟ್ಟೆಯೂ ಎದ್ದಿರುತ್ತದೆ.

ಇಲ್ಲೊಂದು ವಿಚಿತ್ರ ಇದೆ. ಹೊರಗೆ ಅಷ್ಟು ಚಳಿ. ಮನೆಯ ಮೇಲೆ ಬಿದ್ದ ಹಿಮ ಹಿಮವಾಗಿಯೇ ಇರಬೇಕಲ್ಲವೇ? ಅದು ನೀರಾದದ್ದು ಯಾವಾಗ? ನೀರಾಗದೆ ಹರಿಯದು. ಹರಿದ ಮೇಲೆ ಮತ್ತೆ ಐಸಾದದ್ದು ಏಕೆ? ಕರಗುವುದೂ ಅಲ್ಲೇ, ಗಟ್ಟಿಯಾಗುವುದೂ ಅಲ್ಲೇ. ಒಂದೇ ಮನೆಯ ಮೇಲೆ ಎರಡೂ ಹೇಗೆ?

ಇದಕ್ಕೆ ಉತ್ತರ ನಮ್ಮ ಬಚ್ಚಲಿನ ಗೂಡಿನಲ್ಲಿದೆ. ಹೌದು, ಕೊಬ್ಬರಿ ಎಣ್ಣೆಯ ಬಾಟಲಿ! ಚಳಿಗಾಲದ ಬೆಳಗ್ಗೆ ತಲೆಗೆ ಹಚ್ಚಲು ಹೋದರೆ ಎಣ್ಣೆ ಬೆಳ್ಳಗೆ ಗಟ್ಟಿಯಾಗಿರುತ್ತದೆ. ಅಮ್ಮ ಬಾಟಲಿಯನ್ನು ಒಲೆಯ ಪಕ್ಕ ಇಡುತ್ತಾಳೆ, ಕರಗಿ ನೀರಾಗುತ್ತದೆ. ಕೊಬ್ಬರಿ ಎಣ್ಣೆ ಗಟ್ಟಿಯಾಗಲು ಸುಮಾರು 24 ಡಿಗ್ರಿಗಿಂತ ಕೆಳಗಿನ ತಂಪು ಸಾಕು. ನೀರಿಗೆ ಸೊನ್ನೆ ಡಿಗ್ರಿಯ ಚಳಿ ಬೇಕು. ನಮ್ಮ ಕೊಪ್ಪದಲ್ಲಿ ಎಷ್ಟು ನಡುಗಿದರೂ ಅಷ್ಟು ಚಳಿ ಬೀಳುವುದಿಲ್ಲ. ಅದಕ್ಕೇ ನಾವು ನೀರಿನ ಬದಲು ಎಣ್ಣೆಯನ್ನು ಇಟ್ಟುಕೊಂಡು ಐಸಿನ ಕಟ್ಟೆಯನ್ನು ನೋಡೋಣ.

ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಒಂದು ಸ್ಟೀಲ್ ತಟ್ಟೆಯನ್ನು ಓರೆಯಾಗಿ ಇಡಿ. ಅದರ ಮೇಲಿನ ತುದಿಯ ಕೆಳಗೆ ಬಿಸಿನೀರಿನ ಲೋಟ ಇರಲಿ. ಕೆಳಗಿನ ತುದಿಯ ಕೆಳಗೆ ಐಸಿನ ತುಂಡುಗಳಿರಲಿ. ಹತ್ತು ನಿಮಿಷ ಹಾಗೇ ಬಿಡಿ. ಆಮೇಲೆ ಕರಗಿದ ಕೊಬ್ಬರಿ ಎಣ್ಣೆಯನ್ನು ಮೇಲಿನ ತುದಿಯಿಂದ ಒಂದು ಚಮಚ ಬಿಡಿ. ಕಾಯಿರಿ. ಇನ್ನೊಂದು ಚಮಚ ಬಿಡಿ. ಮತ್ತೆ ಕಾಯಿರಿ. ಅವಸರ ಬೇಡ.

ಮೇಲೆ ಎಣ್ಣೆ ತಿಳಿಯಾಗಿ ಹರಿಯುತ್ತದೆ. ಕೆಳಗಿನ ತುದಿಗೆ ಬರುತ್ತಿದ್ದ ಹಾಗೆ ಮಂಕಾಗುತ್ತದೆ, ಬೆಳ್ಳಗಾಗುತ್ತದೆ, ನಿಲ್ಲುತ್ತದೆ. ಮುಂದಿನ ಚಮಚದ ಎಣ್ಣೆ ಅದಕ್ಕೆ ಬಂದು ತಗಲುತ್ತದೆ, ಅದೂ ಅಲ್ಲೇ ನಿಲ್ಲುತ್ತದೆ. ಒಂದರ ಮೇಲೊಂದು ಕೂತು ತಟ್ಟೆಯ ಅಂಚಿನಲ್ಲಿ ಒಂದು ಬಿಳಿ ಏರಿ ಎದ್ದುಕೊಳ್ಳುತ್ತದೆ. ಅದರ ಹಿಂದೆ ತಿಳಿ ಎಣ್ಣೆಯ ಹಿನ್ನೀರು! ನೋಡಿದಿರಾ? ಮೇಲೆ ಬಿಸಿ, ಕೆಳಗೆ ತಂಪು. ಕಟ್ಟೆ ಏಳಲು ಇಷ್ಟೇ ಸಾಕು.

ಹಾಗಾದರೆ ಹಿಮದ ಊರಿನ ಮನೆಯಲ್ಲಿ ಆ ಬಿಸಿನೀರಿನ ಲೋಟ ಯಾವುದು? ಮನೆಯೊಳಗಿನ ಬೆಚ್ಚನೆಯ ಗಾಳಿ! ಅಲ್ಲಿ ಚಳಿಗಾಲವಿಡೀ ಮನೆಯನ್ನು ಯಂತ್ರದಿಂದ ಬೆಚ್ಚಗಿಡುತ್ತಾರೆ. ಬೆಚ್ಚನೆಯ ಗಾಳಿಗೆ ಒಂದು ಬುದ್ಧಿಯಿದೆ, ಅದು ಸದಾ ಮೇಲಕ್ಕೇ ಹೋಗುತ್ತದೆ. ನಮ್ಮ ಸೌದೆ ಒಲೆಯ ಹೊಗೆ ಹೆಂಚಿನ ಕಡೆಗೆ ಏರುವುದನ್ನು ನೀವು ನೋಡಿದ್ದೀರಿ. ಹಾಗೆಯೇ ಆ ಗಾಳಿ ಚಾವಣಿಯ ಸಣ್ಣಪುಟ್ಟ ಸಂದಿಗಳಲ್ಲಿ ನುಸುಳಿ ಅಟ್ಟ ಸೇರುತ್ತದೆ. ಅಟ್ಟ ಬೆಚ್ಚಗಾಗುತ್ತದೆ. ಅಟ್ಟದ ಮೇಲಿನ ಇಳಿಜಾರೂ ಬೆಚ್ಚಗಾಗುತ್ತದೆ.

ಆ ಇಳಿಜಾರಿನ ಮೇಲೆ ಹಿಮ ಕೂತಿದೆ. ಹೊಸದಾಗಿ ಬಿದ್ದ ಹಿಮದಲ್ಲಿ ಹತ್ತು ಪಾಲಿಗೆ ಒಂಬತ್ತು ಪಾಲು ಬರೀ ಗಾಳಿ. ಎಳೆಎಳೆಯ ನಡುವೆ ಗಾಳಿ ಹಿಡಿದಿಟ್ಟುಕೊಂಡ ಕಂಬಳಿ ನಮ್ಮನ್ನು ಬೆಚ್ಚಗಿಡುತ್ತದಲ್ಲ? ಹಿಮವೂ ಹಾಗೆಯೇ ಮನೆಗೆ ಹೊದ್ದ ಕಂಬಳಿಯಾಗುತ್ತದೆ! ಹೊರಗಿನ ಚಳಿ ಒಳಗೆ ಬರದು, ಒಳಗಿನ ಬಿಸಿ ಹೊರಗೆ ಹೋಗದು. ಹಿಮ ದಪ್ಪವಾದಷ್ಟೂ ಅದರ ಅಡಿ ಬೆಚ್ಚಗಾಗುತ್ತದೆ. ಕೊನೆಗೆ ಕಂಬಳಿಯ ಅಡಿಯ ಪದರವೇ ಕರಗಿ ನೀರಾಗುತ್ತದೆ. ಹೊರಗಿನಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ. ಮೇಲೆ ಬೆಳ್ಳಗೆ ಹಿಮ, ಅಡಿಯಲ್ಲಿ ಗುಟ್ಟಾಗಿ ಹರಿಯುವ ನೀರು.

ಇನ್ನು ಐಸಿನ ತುಂಡು ಯಾವುದು? ಸೂರು! ಸೂರು ಗೋಡೆಯಿಂದ ಹೊರಗೆ ಚಾಚಿಕೊಂಡಿರುತ್ತದೆ, ನಾವು ಕೂತ ಈ ಜಗಲಿಯ ಮೇಲೆ ಚಾಚಿದ ಹಾಗೆ. ಅದರ ಕೆಳಗೆ ಕೋಣೆಯಿಲ್ಲ, ಬೆಚ್ಚನೆಯ ಗಾಳಿಯಿಲ್ಲ. ಮೇಲೂ ಚಳಿ, ಕೆಳಗೂ ಚಳಿ. ಹರಿದು ಬಂದ ನೀರು ಗೋಡೆ ದಾಟಿ ಸೂರಿಗೆ ಕಾಲಿಟ್ಟಿತೋ ಇಲ್ಲವೋ, ಗಟ್ಟಿಯಾಗುತ್ತದೆ. ಹಿಂದೆ ಬಂದದ್ದು ಅದಕ್ಕೆ ತಗಲಿ ಗಟ್ಟಿಯಾಗುತ್ತದೆ. ದಿನಕ್ಕಿಷ್ಟು, ದಿನಕ್ಕಿಷ್ಟು. ಐಸಿನ ಕಟ್ಟೆ ಏಳುತ್ತದೆ.

ಮುಂದಿನದನ್ನು ನೀವೇ ಹೇಳಬಲ್ಲಿರಿ. ಕಟ್ಟೆಯ ಹಿಂದೆ ಹಿನ್ನೀರು. ಹಿನ್ನೀರು ಮೇಲೇರಿ ಸಂದಿಗೆ ನುಗ್ಗುತ್ತದೆ. ಅಲ್ಲಿ ಎಷ್ಟೋ ಮನೆಗಳ ಮೇಲೆ ಹೆಂಚಿನ ಬದಲು ಡಾಂಬರು ಮೆತ್ತಿದ ಚಪ್ಪಟೆ ಹಾಳೆಗಳನ್ನು ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಹೊದಿಸಿರುತ್ತಾರೆ. ಅವೂ ನಮ್ಮ ಹೆಂಚಿನ ಅಕ್ಕತಂಗಿಯರೇ. ಜಾರುವ ನೀರಿಗೆ ಕಾವಲು, ನಿಂತ ನೀರಿಗಲ್ಲ. ಹಾಗಾಗಿ ಗೋಡೆ ಒದ್ದೆ, ಚಾವಣಿ ಒದ್ದೆ, ಆಮೇಲೆ ಬೂಷ್ಟು. ನಮ್ಮ ರಾಗಿ ಮೂಟೆಯ ಕತೆಯೇ.

ಬಾಸ್ಟನ್ನಿನಲ್ಲಿ 2014ರ ಕೊನೆಯಿಂದ 2015ರವರೆಗಿನ ಹಿಮಗಾಲದಲ್ಲಿ ಒಟ್ಟು ಸುಮಾರು 281 ಸೆಂಟಿಮೀಟರ್ ಹಿಮ ಬಿತ್ತು. ಆ ಊರು ಲೆಕ್ಕ ಇಟ್ಟಾಗಿನಿಂದ ಅಷ್ಟು ಬಿದ್ದದ್ದು ಅದೇ ಮೊದಲು. ನಿಮ್ಮ ತರಗತಿಯ ಅತಿ ಎತ್ತರದ ಹುಡುಗನ ಹೆಗಲ ಮೇಲೆ ಇನ್ನೊಬ್ಬ ನಿಂತರೆ ಎಷ್ಟೋ ಅಷ್ಟು ಅಂದುಕೊಳ್ಳಿ. ಆ ಸಲ ಎಷ್ಟೋ ಮನೆಗಳ ಸೂರಿನಲ್ಲಿ ಐಸಿನ ಕಟ್ಟೆ ಎದ್ದು, ಜನ ಮನೆಯೊಳಗೆ ಬಕೆಟ್ ಇಟ್ಟುಕೊಂಡು ಕೂತರು.

ಈಗ ನಿಮಗೊಂದು ಒಗಟು. ಐಸಿನ ಕಟ್ಟೆ ಏಳಬಾರದು ಅಂದರೆ ಮನೆಯ ಮೇಲಿನ ಇಳಿಜಾರನ್ನು ಬೆಚ್ಚಗಿಡಬೇಕೋ, ತಣ್ಣಗಿಡಬೇಕೋ? ಅವಸರ ಮಾಡಬೇಡಿ. ಕೊಬ್ಬರಿ ಎಣ್ಣೆಯ ತಟ್ಟೆಯನ್ನು ನೆನೆಸಿಕೊಂಡು ಹೇಳಿ.

ಬೆಚ್ಚಗೆ ಅಂದವರು ಕೈ ಎತ್ತಿ. ಮೊದಲ ಸಲ ಕೇಳಿದಾಗ ನಾನೂ ಹಾಗೇ ಅಂದಿದ್ದೆ. ಐಸಿಗೆ ಬಿಸಿಯೇ ಶತ್ರು ಅಲ್ಲವೇ ಅಂತ. ಆದರೆ ಸರಿಯಾದ ಉತ್ತರ, ತಣ್ಣಗೆ! ಇಳಿಜಾರು ಇಡಿಯಾಗಿ ತಣ್ಣಗಿದ್ದರೆ ಹಿಮ ಹಿಮವಾಗಿಯೇ ಕೂತಿರುತ್ತದೆ. ಕರಗದ ಹಿಮ ಹರಿಯದು. ಹರಿಯದಿದ್ದರೆ ಸೂರಿಗೆ ಬಂದು ಗಟ್ಟಿಯಾಗಲು ನೀರೇ ಇಲ್ಲ. ತಟ್ಟೆಯ ಮೇಲಿನ ತುದಿಯಿಂದ ಬಿಸಿನೀರಿನ ಲೋಟ ತೆಗೆದುಬಿಟ್ಟ ಹಾಗೆ.

ಮನೆಯೊಳಗಿನವರು ಬೆಚ್ಚಗಿರಬೇಕು, ಮನೆಯ ತಲೆ ತಣ್ಣಗಿರಬೇಕು. ಇದನ್ನು ಸಾಧಿಸುವುದು ಹೇಗೆ? ಆ ಊರಿನವರು ಮೂರು ಕೆಲಸ ಮಾಡುತ್ತಾರೆ. ಮೂರನ್ನೂ ನಮ್ಮ ಮನೆಯ ಮಾತಿನಲ್ಲೇ ಹೇಳುತ್ತೇನೆ.

ಮೊದಲನೆಯದು, ತೂತು ಮುಚ್ಚುವುದು. ಇಡ್ಲಿ ಪಾತ್ರೆಯ ಮುಚ್ಚಳ ಸರಿಯಾಗಿ ಕೂರದಿದ್ದರೆ ಆವಿಯೆಲ್ಲ ಸಂದಿಯಲ್ಲಿ ಓಡಿಹೋಗುತ್ತದೆ, ಇಡ್ಲಿ ಬೇಯುವುದಿಲ್ಲ. ಚಾವಣಿಯೂ ಒಂದು ಮುಚ್ಚಳವೇ. ದೀಪದ ವೈರು ಹೋಗಲು ಕೊರೆದ ತೂತು, ಪೈಪಿನ ಸುತ್ತಲಿನ ಸಂದಿ, ಅಟ್ಟ ಹತ್ತುವ ಬಾಗಿಲಿನ ಅಂಚು, ಎಲ್ಲ ಹುಡುಕಿ ಹುಡುಕಿ ಮುಚ್ಚುತ್ತಾರೆ. ಬೆಚ್ಚನೆಯ ಗಾಳಿ ಅಟ್ಟಕ್ಕೆ ನುಸುಳದ ಹಾಗೆ.

ಎರಡನೆಯದು, ಕಂಬಳಿ ಹಾಸುವುದು. ಗಾಜನ್ನು ಎಳೆಎಳೆಯಾಗಿ ಮಾಡಿ ಉಣ್ಣೆಯಂತೆ ಹೆಣೆದ ದಪ್ಪ ಹಾಸನ್ನು ಅಟ್ಟದ ನೆಲದ ಮೇಲೆ ಹಾಸುತ್ತಾರೆ. ಐಸ್‌ಕ್ಯಾಂಡಿ ಮಾರುವವರು ಡಬ್ಬಿಯೊಳಗೆ ಥರ್ಮೋಕೋಲ್ ಇಡುತ್ತಾರಲ್ಲ, ಅದೇ ಉಪಾಯ. ಅಲ್ಲಿ ಹೊರಗಿನ ಬಿಸಿ ಒಳಗೆ ಬರಬಾರದು, ಇಲ್ಲಿ ಒಳಗಿನ ಬಿಸಿ ಹೊರಗೆ ಹೋಗಬಾರದು. ಕಂಬಳಿಗೆ ಎರಡೂ ಒಂದೇ.

ಮೂರನೆಯದು, ಅಟ್ಟಕ್ಕೆ ಉಸಿರು ಕೊಡುವುದು. ಪಿರಿಯಾಪಟ್ಟಣ, ಹುಣಸೂರಿನ ಕಡೆಯ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ನೋಡಿದ್ದೀರಲ್ಲ? ಎತ್ತರದ, ಕಿಟಕಿಯಿಲ್ಲದ ಮನೆ. ಅದಕ್ಕೆ ಬುಡದಲ್ಲಿ ಕಿಂಡಿ, ನೆತ್ತಿಯಲ್ಲಿ ಕಿಂಡಿ. ಕೆಳಗಿನ ಕಿಂಡಿಯಲ್ಲಿ ತಂಪು ಗಾಳಿ ಒಳಗೆ ಬರುತ್ತದೆ, ಬಿಸಿಯಾಗಿ ಮೇಲೇರುತ್ತದೆ, ನೆತ್ತಿಯ ಕಿಂಡಿಯಲ್ಲಿ ಹೊರಗೆ ಹೋಗುತ್ತದೆ.

ಹಿಮದ ಊರಿನ ಅಟ್ಟದಲ್ಲೂ ಇದೇ ಏರ್ಪಾಡು. ಸೂರಿನ ಅಡಿಯಲ್ಲಿ ಸಾಲು ಕಿಂಡಿ, ಮನೆಯ ನೆತ್ತಿಯಲ್ಲಿ ಉದ್ದನೆಯ ಸಂದಿ. ಹೊರಗಿನ ಚಳಿಗಾಳಿ ಸೂರಿನಿಂದ ಹೊಕ್ಕು, ಇಳಿಜಾರಿನ ಒಳಮೈಯನ್ನು ಸವರಿಕೊಂಡು ಏರಿ, ನೆತ್ತಿಯಿಂದ ಹೊರಟುಹೋಗುತ್ತದೆ. ತಪ್ಪಿಸಿಕೊಂಡು ಬಂದ ಒಂದಿಷ್ಟು ಬಿಸಿಯನ್ನೂ ತನ್ನ ಜೊತೆ ಕರೆದೊಯ್ಯುತ್ತದೆ. ಬ್ಯಾರನ್ನಿನಲ್ಲಿ ಸೊಪ್ಪಿನ ಹದಕ್ಕೆ ಬೇಕಾದ ಗಾಳಿ, ಅಟ್ಟದಲ್ಲಿ ತಂಪಿಗೆ ಬೇಕಾದ ಗಾಳಿ. ದಾರಿ ಮಾತ್ರ ಒಂದೇ.

ಅಟ್ಟ ಎಷ್ಟು ತಣ್ಣಗಿದ್ದರೆ ಸಾಕು? ಇದನ್ನೂ ಅಳೆದು ನೋಡಿದವರಿದ್ದಾರೆ. ಅಮೆರಿಕದ ಹ್ಯಾನೋವರ್ ಎಂಬ ಊರಿನಲ್ಲಿ ಅಲ್ಲಿನ ಸೈನ್ಯದ ಒಂದು ಪ್ರಯೋಗಾಲಯವಿದೆ. ಚಳಿ, ಹಿಮ, ಐಸು, ಇವನ್ನೇ ಓದುವುದು ಅದರ ಕೆಲಸ. ಹೊರಗೆ ಸೊನ್ನೆಗಿಂತ ಸುಮಾರು ಐದೂವರೆ ಡಿಗ್ರಿ ಕೆಳಗಿನ ಚಳಿ ಇದ್ದಾಗ ಅಟ್ಟವನ್ನು ಸೊನ್ನೆಗಿಂತ ಒಂದು ಡಿಗ್ರಿಯಷ್ಟಾದರೂ ಕೆಳಗೆ ಇಟ್ಟರೆ ಸೂರಿನಲ್ಲಿ ತೊಂದರೆ ಕೊಡುವ ಐಸು ಕಟ್ಟುವುದಿಲ್ಲ ಎಂದು ಅಲ್ಲಿನವರು ಕಟ್ಟಡಗಳನ್ನು ಅಳೆದು ಕಂಡುಕೊಂಡರು. ಅವರ ಕೈಯಲ್ಲಿ ಇದ್ದ ಮುಖ್ಯ ಸಾಮಾನು ನಿಮ್ಮ ಶಾಲೆಯಲ್ಲೂ ಇರುವ ಥರ್ಮಾಮೀಟರ್.

ಈ ಮೂರರ ಜೊತೆ ಒಂದು ಮುಂಜಾಗ್ರತೆಯೂ ಉಂಟು. ಮನೆ ಹೊದಿಸುವಾಗಲೇ ಸೂರಿನ ಅಂಚಿನಿಂದ ಗೋಡೆ ದಾಟಿ ಇನ್ನೂ ಎರಡು ಅಡಿ ಮೇಲಿನವರೆಗೆ, ಹುರುಪೆ ಹಾಳೆಗಳ ಅಡಿಯಲ್ಲಿ, ಅಂಟಿಕೊಳ್ಳುವ ಒಂದು ಪದರ ಹಾಸುತ್ತಾರೆ. ಅದು ನಿಂತ ನೀರಿಗೂ ಜಗ್ಗುವುದಿಲ್ಲ. ಪುಸ್ತಕದ ಚೀಲಕ್ಕೆ ಮಳೆಗಾಲದಲ್ಲಿ ಒಳಗೊಂದು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಹೋಗುತ್ತೀರಲ್ಲ, ಹಾಗೆ. ಅದು ಕಟ್ಟೆಯನ್ನು ತಡೆಯುವುದಿಲ್ಲ, ಕಟ್ಟೆ ಎದ್ದರೂ ಮನೆಯನ್ನು ಕಾಯುತ್ತದೆ.

ಇಷ್ಟೆಲ್ಲ ಮಾಡಿಯೂ ವಿಪರೀತ ಹಿಮ ಬಿದ್ದರೆ? ಆಗ ಒಂದು ಉದ್ದನೆಯ ಕೋಲು. ಅದರ ತುದಿಯಲ್ಲಿ ಹಲಗೆ. ನೆಲದ ಮೇಲೆ ನಿಂತುಕೊಂಡೇ ಸೂರಿನ ಅಂಚಿನ ಹಿಮವನ್ನು ಕೆಳಕ್ಕೆ ಎಳೆಯುತ್ತಾರೆ. ಎಲ್ಲೋ ನೋಡಿದ ಹಾಗಿದೆಯಲ್ಲ? ನಮ್ಮ ಅಜ್ಜನ ದೋಟಿ! ಅಜ್ಜ ಹಿಮದ ಊರು ನೋಡಿದವರಲ್ಲ. ಆ ಊರಿನವರು ಕೊಪ್ಪ ನೋಡಿದವರಲ್ಲ. ಕಷ್ಟ ಒಂದೇ ಆದಾಗ ಕೈಗೆ ಬರುವ ಕೋಲೂ ಒಂದೇ.

ಏಣಿ ಹತ್ತಿ ಕೊಡಲಿಯಿಂದ ಐಸು ಕಡಿಯಬಾರದು. ಕಡಿದರೆ ಐಸಿನ ಜೊತೆ ಮನೆಯ ಹೊದಿಕೆಯೂ ಹರಿಯುತ್ತದೆ. ಜಾರಿ ಬೀಳುವ ಭಯ ಬೇರೆ. ನೇತಾಡುವ ಐಸಿನ ಬಿಳಲಿನ ಅಡಿಯಲ್ಲೂ ನಿಲ್ಲಬಾರದು ಎಂದು ಅಲ್ಲಿನ ಮಕ್ಕಳಿಗೆ ಹೇಳಿಕೊಟ್ಟಿರುತ್ತಾರೆ. ನಮ್ಮಲ್ಲಿ ಗಾಳಿಮಳೆಯಾಗುವಾಗ ತೆಂಗಿನ ಮರದಡಿ ನಿಲ್ಲಬೇಡ ಅನ್ನುವುದಿಲ್ಲವೇ?

ಹಿಮ ಬೀಳುವ ಊರಿನಲ್ಲೆಲ್ಲ ಮನೆಯ ಮೇಲೆ ಇಳಿಜಾರೇ ಇರುತ್ತದೆ ಅಂದುಕೊಳ್ಳಬೇಡಿ. ನಮ್ಮ ಪಕ್ಕದ ಬೈಲಕುಪ್ಪೆಯ ಕ್ಯಾಂಪುಗಳು ನಿಮಗೆ ಗೊತ್ತು. ಟಿಬೆಟ್ ಬಿಟ್ಟು ಬಂದವರು 1960-61ರ ಸುಮಾರಿಗೆ ಇಲ್ಲಿ ನೆಲೆಯೂರಿದರು. ಆಗ ಬಂದ ಹಿರಿಯರು ಹಿಮ ಕಂಡು ಬೆಳೆದವರು. ಅವರ ನಾಡಿನ ಬಹಳಷ್ಟು ಮನೆಗಳಿಗೆ, ಲಡಾಖಿನ ಹಳೆಯ ಮನೆಗಳಿಗೂ, ಮಣ್ಣು ಬಡಿದು ಮಾಡಿದ ಚಪ್ಪಟೆ ಮಾಳಿಗೆ. ಅಲ್ಲಿ ಮಳೆಯೂ ಕಡಿಮೆ, ಬೀಳುವ ಹಿಮವೂ ಒಣಒಣ. ಹಿಮ ಬಿದ್ದ ಬೆಳಗ್ಗೆ ಮಾಳಿಗೆ ಹತ್ತಿ, ನಾವು ಕಣದಲ್ಲಿ ರಾಗಿ ಒಟ್ಟುಮಾಡಿದ ಹಾಗೆ ಹಿಮವನ್ನು ನೂಕಿ ಕೆಳಗೆ ಹಾಕುತ್ತಾರೆ. ಕರಗುವ ಮೊದಲೇ ಕೆಳಗೆ ಹಾಕಿದರೆ ನೀರೂ ಇಲ್ಲ, ಕಟ್ಟೆಯೂ ಇಲ್ಲ.

ನೋಡಿ, ಎಷ್ಟು ಊರು ಸುತ್ತಿ ಬಂದೆವು! ಬಾಸ್ಟನ್, ಲಡಾಖ್, ಟಿಬೆಟ್. ಈಗ ಮತ್ತೆ ನಮ್ಮ ಜಗಲಿಗೆ ಬಂದೆವು. ನಮಗೆ ಹಿಮ ಇಲ್ಲ, ಸರಿ. ಆದರೆ ಎಲೆ ಇದೆ, ತರಗು ಇದೆ, ಅಪರೂಪಕ್ಕೆ ಆಲಿಕಲ್ಲೂ ಇದೆ. ಜೂನಿನಲ್ಲಿ ಮುಂಗಾರು ಹಿಡಿಯುವ ಮೊದಲು ದೊಡ್ಡವರು ಹೆಂಚು ಕೈಯಾಡಿಸುತ್ತಿದ್ದರು. ಅಂದರೆ ಒಡೆದ ಹೆಂಚು ತೆಗೆದು ಬೇರೆ ಇಡುವುದು, ಜರುಗಿದ್ದನ್ನು ಕೂರಿಸುವುದು, ದೋಣಿಯಲ್ಲಿ ಕೂತ ತರಗನ್ನು ಬಳಿದು ತೆಗೆಯುವುದು. ಹೆಂಚಿನ ಮೇಲೆ ಬಾಗಿದ ಕೊಂಬೆ ಸವರುವುದೂ ಅದೇ ವಾರದ ಕೆಲಸ.

ಈಗ ಊರಿನಲ್ಲಿ ಹೆಂಚಿನ ಮನೆ ಕಡಿಮೆಯಾಗಿವೆ, ತಾರಸಿ ಹೆಚ್ಚಾಗಿವೆ. ತಾರಸಿಗೂ ಮಾತು ಅದೇ. ಅದರ ಮೂಲೆಯಲ್ಲಿ ನೀರು ಇಳಿಯುವ ಪೈಪಿನ ಬಾಯಿ ಇರುತ್ತದೆ. ಒಂದು ಪ್ಲಾಸ್ಟಿಕ್ ಕವರ್ ಹಾರಿಬಂದು ಅದರ ಮೇಲೆ ಕೂತರೆ ಸಾಕು, ಇಡೀ ತಾರಸಿ ಕೆರೆಯಾಗುತ್ತದೆ. ನಿಂತ ನೀರು ಸಿಮೆಂಟಿನ ಬಿರುಕು ಹುಡುಕಿಕೊಂಡು ಒಳಗೆ ಇಳಿಯುತ್ತದೆ. ಆಗ ಜನ ತಾರಸಿಯನ್ನು ಬೈಯುತ್ತಾರೆ. ಕವರನ್ನು ಯಾರೂ ಬೈಯುವುದಿಲ್ಲ.

ಹಾಗಾಗಿ ಮಕ್ಕಳೇ, ನಿಮಗೊಂದು ಕೆಲಸ ಒಪ್ಪಿಸುತ್ತೇನೆ. ಮುಂದಿನ ಮಳೆ ಬಂದಾಗ ಜಗಲಿಯಲ್ಲಿ ನಿಂತು ನಿಮ್ಮ ಮನೆಯ ನೀರಿನ ದಾರಿ ನೋಡಿ. ಮೇಲೆ ಬಿದ್ದ ಹನಿ ಎಲ್ಲಿ ಇಳಿಯುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ನೆಲ ಮುಟ್ಟುತ್ತದೆ? ಅದನ್ನು ಒಂದು ಹಾಳೆಯಲ್ಲಿ ಚಿತ್ರ ಬರೆಯಿರಿ. ಎಲ್ಲಾದರೂ ನೀರು ತಡೆದು ನಿಂತರೆ ಅಲ್ಲೊಂದು ಗುರುತು ಹಾಕಿ. ಮಳೆ ನಿಂತ ಮೇಲೆ ಆ ಚಿತ್ರವನ್ನು ಅಪ್ಪನಿಗೋ ಅಮ್ಮನಿಗೋ ತೋರಿಸಿ. ಮೇಲೆ ಹತ್ತುವ ಕೆಲಸ ದೊಡ್ಡವರದು, ನೀವು ಹತ್ತಬೇಡಿ. ಕಟ್ಟೆ ಎಲ್ಲಿದೆ ಎಂದು ಪತ್ತೆಮಾಡುವ ಕೆಲಸ ಮಾತ್ರ ನಿಮ್ಮದೇ.